ಬರಿದಾಗಿ ಬಂದ ಬೋಗುಣಿ

ನನ್ನ ಮೊಮ್ಮಗಳು ಮಾತಾಡಿದಳು!

ಅರ್ಧ ತಾಸು! ಕಾಲೇಜಿನ ಕ್ಲಾಸಿನಲ್ಲಿ, ಎದ್ದು ನಿಂತು, ಅರವತ್ತು ಮಂದಿಯ ಎದುರಿಗೆ, ಕೈಯಲ್ಲಿ ಚೀಟಿಯೂ ಇಲ್ಲದೆ!

ತೊಟ್ಟಿಲ ಕೂಸು ಮೊದಲ ಸಲ 'ಅವ್ವ' ಅಂದಂತೆ ಈ ಮುದುಕಿ ಕುಣಿಯುತ್ತಿದ್ದಾಳಲ್ಲ ಎಂದು ನಗಬೇಡಿ. ಕೂಸಲ್ಲ, ರೇಣುಕಾ ಬಿ.ಎ. ಎರಡನೇ ವರ್ಷದಲ್ಲಿದ್ದಾಳೆ. ಮನೆಯಲ್ಲಿ ಅವಳ ಬಾಯಿ ನಿಲ್ಲಬೇಕಾದರೆ ಅದರಲ್ಲಿ ಬೆಲ್ಲ ತುಂಬಬೇಕು. ಕಾಲೇಜಿನಲ್ಲಿ ಮಾತ್ರ ಒಂದೂವರೆ ವರ್ಷದಿಂದ ಹಾಜರಿಗೆ 'ಎಸ್ ಸರ್' ಅಂದದ್ದು ಬಿಟ್ಟರೆ ತುಟಿ ಬಿಚ್ಚಿರಲಿಲ್ಲ.

ಸೋಮವಾರ ಮಧ್ಯಾಹ್ನ ಮೂರೂವರೆಗೆ ನಮ್ಮ ಖಾನಾವಳಿಯ ಫೋನು ರಿಂಗಾಯಿತು. ರಾಣೇಬೆನ್ನೂರು ಸ್ಟೇಷನ್ನಿನ ಕಾಯಿನ್ ಫೋನಿನಿಂದ ಅವಳೇ.

"ಆಯಿ, ಮಾತಾಡಿದೆ!"

"ಎಷ್ಟೊತ್ತು?"

"ಅರ್ಧ ತಾಸು!"

"ನಕ್ಕರೇನು?"

"ನಕ್ಕರು. ಆಮ್ಯಾಲೆ..."

ಫೋನು ಕಟ್ಟಾಯಿತು. ಒಂದು ರೂಪಾಯಿ ಮುಗಿದಿತ್ತು.

ಆಮೇಲೆ ಏನು? ರೈಲು ಹಾವೇರಿಗೆ ಬರುವುದು ಆರು ಗಂಟೆಗೆ. ಅಲ್ಲಿಯವರೆಗೆ ನಾನು ಹೇಗಿದ್ದೆ ಎಂದು ಕೇಳಬೇಡಿ. ಎಣ್ಣೆಗಾಯಿಗೆ ಎರಡು ಸಲ ಉಪ್ಪು ಹಾಕಿದೆನಂತೆ. (ಆವತ್ತು ಉಂಡ ಗಿರಾಕಿಗಳು ಯಾರೂ ದೂರಲಿಲ್ಲ. ಮಜ್ಜಿಗೆ ಮಾತ್ರ ಎರಡು ಕೊಡ ಖರ್ಚಾಯಿತು.)

ಹಳೆಯ ಓದುಗರಿಗೆ ನಾನು ಗೊತ್ತು. ಹೊಸಬರಿಗೆ ಹೇಳುತ್ತೇನೆ. ಹಾವೇರಿಯ ಬಸ್ ಸ್ಟ್ಯಾಂಡಿನ ಹಿಂದೆ ನಲವತ್ತು ವರ್ಷ ರೊಟ್ಟಿ ಊಟದ ಖಾನಾವಳಿ ನಡೆಸಿದವಳು ನಾನು. ಈಗ ದುಡ್ಡಿನ ಗಲ್ಲೆಯ ಮೇಲೆ ಮಗ ಕೂರುತ್ತಾನೆ, ಒಳಗೆ ಸೊಸೆ ನೋಡಿಕೊಳ್ಳುತ್ತಾಳೆ, ನಾನು ಇಬ್ಬರಿಗೂ ಬುದ್ಧಿ ಹೇಳುತ್ತೇನೆ. ನನ್ನ ಶಾಲೆ ಹೊಸರಿತ್ತಿಯಲ್ಲಿ ನಾಲ್ಕನೇ ಇಯತ್ತೆಗೇ ಮುಗಿಯಿತು. ಈಗಲೂ ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಊಟಕ್ಕೆ ಬಂದ ಈ ಪತ್ರಿಕೆಯವರು ನನ್ನ ಬಾಯಿ ಕೇಳಿ, "ಅಜ್ಜಿ, ಮಾತಾಡಿದ್ದನ್ನೇ ಬರೀರಿ" ಎಂದರು. ಅಂದಿನಿಂದ ಬರೆಯುತ್ತಿದ್ದೇನೆ. ಪ್ರತಿವಾರ ರೇಣುಕಾ ತಿದ್ದಿ ಕೊಡುತ್ತಾಳೆ. ಈ ವಾರ ಅವಳ ಕೈಗೆ ಕೊಟ್ಟಿಲ್ಲ. ಕೊಟ್ಟರೆ ಅವಳ ಹೊಗಳಿಕೆಯನ್ನೆಲ್ಲ ಅವಳೇ ಹೊಡೆದು ಹಾಕುತ್ತಾಳೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವಳು ಯಾಕೆ ಮೂಕಿಯಾಗಿದ್ದಳು? ಅದಕ್ಕೂ ರೊಟ್ಟಿಯೇ ಕಾರಣ.

ರೇಣುಕಾ ದಿನಾ ಬೆಳಗಿನ ಪ್ಯಾಸೆಂಜರಿಗೆ ರಾಣೇಬೆನ್ನೂರಿನ ಕಾಲೇಜಿಗೆ ಹೋಗುತ್ತಾಳೆ. ಮೊದಲ ವರ್ಷ, ಮೊದಲ ತಿಂಗಳು. ಕನ್ನಡ ಸರ್ ಒಂದು ಕಥೆ ಪಾಠ ಮಾಡಿ, "ನಾಯಕಿಯ ಸ್ವಭಾವವನ್ನು ಯಾರು ಹೇಳುತ್ತೀರಿ?" ಎಂದು ಕೇಳಿದರಂತೆ. ನಮ್ಮ ಹುಡುಗಿ ಉತ್ಸಾಹದಿಂದ ಎದ್ದು, "ಅಕಿ ರೊಟ್ಟಿ ಭಾಳ ತೆಳ್ಳಗ ಬಡೀತಾಳ್ರಿ ಸರ್" ಎಂದಳು.

ಕ್ಲಾಸು ಹೋ ಎಂದಿತು. ಹಿಂದಿನ ಬೆಂಚಿನಿಂದ ಒಬ್ಬ, "ಖಾನಾವಳಿ ಬಿಟ್ಟು ಹೊರಗ ಬಾರವ್ವಾ!" ಎಂದ. ಸರ್ ಕೂಡ ನಕ್ಕು, "ನಾನು ಕೇಳಿದ್ದು ಸ್ವಭಾವ, ಅಡುಗೆಯಲ್ಲ. ಕೂತುಕೋ" ಎಂದರು.

ಕೂತಳು. ಒಂದೂವರೆ ವರ್ಷ ಏಳಲಿಲ್ಲ.

(ಒಂದು ಮಾತು. ತೆಳ್ಳಗೆ ರೊಟ್ಟಿ ಬಡಿಯುವವಳಿಗೆ ತಾಳ್ಮೆ ಇರುತ್ತದೆ, ಕೈ ಹಗುರ, ಒಂದೇ ಹಿಟ್ಟಿನಲ್ಲಿ ನಾಲ್ಕು ಮಂದಿಗೆ ಹೆಚ್ಚು ಬಡಿಸುವ ಜಾಣತನ. ಸ್ವಭಾವ ಅಂದರೆ ಇನ್ನೇನು?)

ಈ ವರ್ಷ ಬಂತು ನೋಡಿ ಸೆಮಿನಾರು. ಪಠ್ಯಕ್ಕೆ ಒಂದು ಹಳೆಯ ದೊಡ್ಡ ಕಾದಂಬರಿ ಇಟ್ಟಿದ್ದಾರೆ. (ಹೆಸರು ಹೇಳುವುದಿಲ್ಲ. ಹೇಳಿದರೆ ಪರೀಕ್ಷೆಗೆ ಕೂತ ಮಕ್ಕಳು ಅದನ್ನು ಬಿಟ್ಟು ಇದನ್ನು ಓದುತ್ತಾರೆ.) ಅದರ 'ವಸ್ತು ಮತ್ತು ಶೈಲಿ'ಯ ಬಗ್ಗೆ ಒಬ್ಬೊಬ್ಬರೂ ನಿಂತು ಮಾತಾಡಬೇಕು. ಮಾತಾಡದಿದ್ದರೆ ಮಾರ್ಕ್ಸ್ ಇಲ್ಲ. ಚೀಟಿ ತೆಗೆದಾಗ ಮೊದಲ ಹೆಸರೇ ರೇಣುಕಾ.

ಆ ದಿನ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ನಾ ಕಾಲೇಜು ಬಿಡ್ತೇನಿ. ಗಲ್ಲೇದ ಮ್ಯಾಲೆ ಕುಂದರ್ತೇನಿ."

ಮಗ ನಕ್ಕ. "ಅಲ್ಲಿ ನಾ ಕುಂತೇನಲ್ಲವಾ, ನಾ ಎಲ್ಲಿ ಹೋಗಲಿ?"

ನನಗೆ ನಗು ಬರಲಿಲ್ಲ. ಅವಳು ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ನಾಲ್ಕನೇ ಇಯತ್ತೆಯಲ್ಲಿ ನನ್ನನ್ನು ಶಾಲೆ ಬಿಡಿಸಿದ ದಿನ ಪಾಟಿಯನ್ನು ತಮ್ಮನಿಗೆ ಕೊಟ್ಟು ಅತ್ತವಳು ನಾನು. ನನ್ನನ್ನು ಬಿಡಿಸಿದವರು ಬೇರೆಯವರು. ಇವಳು ತಾನಾಗಿ ಬಿಡುವುದೆಂದರೆ?

"ಬಿಡೀಯಂತ. ಮದಲ ಪುಸ್ತಕ ಜೋರಾಗಿ ಓದು. ಯಾರ ಮುಂದ? ರೊಟ್ಟಿ ಬಡಿಯೋರ ಮುಂದ. ಅವರೇನು ಮಾರ್ಕ್ಸ್ ಕಡಿಯಂಗಿಲ್ಲ" ಎಂದೆ. ಬಾಯಿಗೆ ತಾಲೀಮು ಆಗಲಿ ಎಂಬುದಷ್ಟೇ ನನ್ನ ಲೆಕ್ಕ.

ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಸಂಜೆಯ ರೊಟ್ಟಿಗೆ ಕೂರುವವರು ಇಬ್ಬರು. ಫಕೀರವ್ವ, ಶಾಂತವ್ವ. ಫಕೀರವ್ವ ನನ್ನ ಜೊತೆ ಇಪ್ಪತ್ತೈದು ವರ್ಷದಿಂದ ಇದ್ದಾಳೆ, ಶಾಲೆಯ ಮುಖ ಕಂಡವಳಲ್ಲ. ಆ ಶನಿವಾರ ರೇಣುಕಾ ಹಿಟ್ಟಿನ ಡಬ್ಬದ ಮೇಲೆ ಕೂತು ಓದತೊಡಗಿದಳು. ಟಪ್ ಟಪ್ ರೊಟ್ಟಿ, ನಡುವೆ ಕಾದಂಬರಿ.

ಕಥೆ ಏನೆಂದರೆ, ಅಣ್ಣತಮ್ಮಂದಿರು ಪಾಲಾಗುತ್ತಾರೆ. ಒಂದೇ ಮನೆಗೆ ನಡುವೆ ಗೋಡೆ, ಎರಡು ಬಾಗಿಲು. ಆದರೆ ಅವರ ಹೆಂಡಿರು, ನೆಗೆಣ್ಣಿಯರಿಬ್ಬರು, ಅಕ್ಕತಂಗಿಯರ ಹಾಗೆ. ಮುಂದೆ ಒಮ್ಮೆಲೇ ಅವರ ಮಾತು ನಿಂತುಹೋಗುತ್ತದೆ. ಇಪ್ಪತ್ತು ವರ್ಷ ಮಾತಿಲ್ಲ. ಯಾಕೆ? ಗೈಡಿನಲ್ಲಿ ಬರೆದದ್ದನ್ನು ರೇಣುಕಾ ತೋರಿಸಿದಳು. ವೈರಕ್ಕೆ ಲೇಖಕರು ತಕ್ಕ ಕಾರಣ ಕೊಟ್ಟಿಲ್ಲ, ಇದು ಕಾದಂಬರಿಯ ದೋಷ. ಸರ್ ಬರೆಸಿದ ನೋಟ್ಸಿನಲ್ಲೂ ಅದೇ.

ಓದುತ್ತಾ ಕಾದಂಬರಿಯಲ್ಲಿ ಯುಗಾದಿ ಬಂತು. ದೊಡ್ಡಾಕೆ ಹಿತ್ತಾಳೆ ಬೋಗುಣಿಯ ತುಂಬ ಹೋಳಿಗೆ ಇಟ್ಟು ಗೋಡೆಯಾಚೆ ಕಳಿಸುತ್ತಾಳೆ. ಮರುದಿನ ಸಣ್ಣಾಕೆ ಬೋಗುಣಿಯನ್ನು ತೊಳೆದು, ಒರೆಸಿ, ಕಟ್ಟೆಯ ಮೇಲೆ ಬೋರಲು ಇಟ್ಟು ಹೋಗುತ್ತಾಳೆ. ಒಂದೇ ಸಾಲು. ರೇಣುಕಾ ಮುಂದಿನ ಸಾಲಿಗೆ ಹೋದಳು.

ಟಪ್ ಟಪ್ ನಿಂತಿತು.

"ತಡಿ ತಡಿ" ಎಂದಳು ಫಕೀರವ್ವ. "ಏನಂದಿ? ಬೋರಲಾ? ತಳದಾಗ ಏನೂ ಇರಲಿಲ್ಲೇನು?"

"ಇಲ್ಲ."

"ನಾಕು ಕಾಳು ಸಕ್ರಿ?"

"ಇಲ್ಲ ಫಕೀರವ್ವ, ತೊಳದು ಇಟ್ಟಾಳ."

"ಅಯ್ಯ ಶಿವನ! ಮುಗೀತು ಬಿಡು. ಇನ್ನ ಈ ಜನ್ಮದಾಗ ಮಾತಾಡಂಗಿಲ್ಲ ಅವರು."

ಶಾಂತವ್ವ ಹಿಟ್ಟಿನ ಕೈ ಗಲ್ಲಕ್ಕೆ ಹಚ್ಚಿಕೊಂಡು ಕೂತಳು. ಹಂಚಿನ ಮೇಲೆ ರೊಟ್ಟಿ ಹೊಗೆಯಾಡಿತು. ಯಾರಿಗೂ ಪರಿವೆಯಿಲ್ಲ.

"ಆದರ ಗೈಡಿನಾಗ ಕಾರಣ ಇಲ್ಲ ಅಂತ ಐತಿ!" ಎಂದಳು ರೇಣುಕಾ.

"ಗೈಡ್ ಬರದಾಂವ ಗಂಡಸಿರಬೇಕು" ಎಂದಳು ಫಕೀರವ್ವ. "ಹೆಂಡತಿ ಕಡೆ ಕೇಳಿದ್ರ ಹೇಳತಿದ್ಲು."

ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ತಿರುಗಿ ಕೊಡುವುದಿಲ್ಲ. ನಿಮಗೆ ಹೇಳಬೇಕೆ? ಒಂದು ನಿಂಬೆಹಣ್ಣು, ಒಂದು ಹಿಡಿ ಜೋಳ, ಏನೂ ಇಲ್ಲವೆಂದರೆ ನಾಲ್ಕು ಕಾಳು ಸಕ್ಕರೆ. ಬರಿದು ಕೊಟ್ಟರೆ ಏನು ಅರ್ಥ ಎಂದು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಅವ್ವನ ಸೊಂಟದ ಮೇಲಿದ್ದಾಗಲೇ ತಿಳಿದಿರುತ್ತದೆ.

ರೇಣುಕಾ ಪೆನ್ಸಿಲ್ ಹಿಡಿದು ಪುಸ್ತಕವನ್ನು ಹಿಂದಿನಿಂದ ಮುಂದೆ ಜಾಲಾಡಿದಳು. ಆ ಬೋಗುಣಿ ಎಂಟು ಸಲ ಬಂದಿತ್ತು! ಒಮ್ಮೆ ಕರಿಬೇವು ಹೊತ್ತು ತಿರುಗಿದೆ, ಒಮ್ಮೆ ಬೆಲ್ಲದ ಹರಳು. ಯುಗಾದಿಯ ಎರಡು ಪುಟ ಹಿಂದೆ ದೊಡ್ಡಾಕೆಯ ಕೂಸಿನ ನಾಮಕರಣ. ಮಕ್ಕಳಿಲ್ಲದ ಸಣ್ಣಾಕೆ ತೊಟ್ಟಿಲು ತೂಗಲು ಕೈ ಚಾಚಿದಾಗ ಯಾರೋ ಬೇಡ ಅನ್ನುತ್ತಾರೆ. ದೊಡ್ಡಾಕೆ ಅಲ್ಲೇ ಇದ್ದವಳು ಸುಮ್ಮನಿರುತ್ತಾಳೆ. ಆ ಸುಮ್ಮನಿದ್ದದ್ದಕ್ಕೆ ಉತ್ತರ ಈ ಬೋಗುಣಿ. ಕೊನೆಯ ಪುಟದಲ್ಲಿ, ತಲೆ ನರೆತ ಸಣ್ಣಾಕೆ ತನ್ನ ಬೋಗುಣಿಗೆ ಅರಿವೆ ಮುಚ್ಚಿಕೊಂಡು ದೊಡ್ಡಾಕೆಯ ಬಾಗಿಲಿಗೆ ಬರುತ್ತಾಳೆ. ದೊಡ್ಡಾಕೆ ಅದನ್ನು ಒಳಗೊಯ್ದು ಬರಿದು ಮಾಡಿ, ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತಡಕಾಡುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಗೈಡು ಏನು ಹೇಳುತ್ತದೆ? ಮುಕ್ತಾಯ ಅಪೂರ್ಣ!

ನಾವು ಮೂವರು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡೆವು. ಮಗ ಇಣುಕಿ ನೋಡಿ, "ಉಳ್ಳಾಗಡ್ಡಿ ಹೆಚ್ಚಾಕತ್ತೀರೇನು?" ಎಂದು ಕೇಳಿ ಹೋದ.

"ಇದನ್ನೇ ಹೇಳು ಕ್ಲಾಸಿನಾಗ" ಎಂದೆ.

ರೇಣುಕಾಳ ಮುಖ ಬಾಡಿತು. "ಒಮ್ಮೆ ರೊಟ್ಟಿ ಅಂದು ಸಾಕಾಗೇತಿ ಆಯಿ. ಈಗ ಬೋಗುಣಿ ಅಂದ್ರ ಊರ ಬಿಡಬೇಕಾಕ್ಕೇತಿ. ಗೈಡಿನಾಗಿಂದು ಬಾಯಿಪಾಠ ಮಾಡಿ ಒಪ್ಪಿಸಿ ಬರ್ತೇನಿ. ಅದೂ ಆಗಲಿಲ್ಲಂದ್ರ ಕಾಲೇಜ ಬ್ಯಾಡ. ಅಲ್ದ, ಸರ್ ಏನಂತಾರ?"

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ.

ಹೋದ ದೀಪಾವಳಿಗೆ ಆ ಸರ್‌ಗೆ ನಾನು ಒಂದು ಸ್ಟೀಲ್ ಡಬ್ಬಿ ಕರ್ಚಿಕಾಯಿ ಕಳಿಸಿದ್ದೆ. ಪಾಪ, ದೂರದೂರಿನವರು, ರಾಣೇಬೆನ್ನೂರಿನಲ್ಲಿ ಒಬ್ಬರೇ ರೂಮು ಮಾಡಿಕೊಂಡಿದ್ದಾರೆ. ಡಬ್ಬಿ ತಿರುಗಿ ಬಂತು. ತೊಳೆದು, ಒರೆಸಿ, ಬರಿದು! ಅಂದಿನಿಂದ ನಾನು ಅವರ ಬಗ್ಗೆ ಒಂದು ಒಳ್ಳೆಯ ಮಾತೂ ಆಡಿಲ್ಲ. "ಸೊಕ್ಕಿನ ಮನಶ್ಯಾ. ಅಂಥವರ ಮುಂದ ಬಾಯಿ ಬಿಡಬ್ಯಾಡ" ಎಂದು ರೇಣುಕಾಳಿಗೆ ಎಷ್ಟು ಸಲ ಹೇಳಿದ್ದೇನೋ. ಅವಳ ಬಾಯಿಗೆ ಮೊದಲು ಬೀಗ ಹಾಕಿದ್ದು ಕ್ಲಾಸು. ಬೀಗದ ಕೈ ಬಾವಿಗೆ ಎಸೆದವಳು ನಾನೇ.

ಒಂಟಿ ರೂಮಿನ ಗಂಡಸು ಡಬ್ಬಿಯಲ್ಲಿ ಏನು ಹಾಕಿ ಕಳಿಸಿಯಾನು? ಚಾಕ್‌ಪೀಸೇ? ಇಷ್ಟು ಯೋಚನೆ ನನಗೆ ನಾಲ್ಕು ತಿಂಗಳು ಬರಲಿಲ್ಲ. ಕಾದಂಬರಿಯ ಆ ಇಬ್ಬರಿಗೆ ಇಪ್ಪತ್ತು ವರ್ಷ ಹಿಡಿಯಿತು. ಅಷ್ಟು ಕಾಯಲು ನನಗೆ ಎಲ್ಲಿದೆ ವಯಸ್ಸು?

ಸೋಮವಾರ ಬೆಳಿಗ್ಗೆ ಅದೇ ಡಬ್ಬಿಗೆ ಎಣ್ಣೆಗಾಯಿ, ಶೇಂಗಾ ಚಟ್ನಿ ತುಂಬಿ, ಕಟಕ್ ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ರೇಣುಕಾಳ ಕೈಗೆ ಕೊಟ್ಟೆ. "ಸರ್‌ಗೆ ಕೊಡು. ಆಯಿ ಕಳಿಸ್ಯಾಳ ಅನ್ನು."

"ಮತ್ತ ಬರಿದ ಬಂದ್ರ?"

"ಬರಲಿ. ಡಬ್ಬಿ ನಮ್ಮದು, ತೊಳಿಯೋದು ತಪ್ಪತೈತಿ."

ಅವಳು ಮುಸಿಮುಸಿ ನಕ್ಕಳು. ಆದರೆ ಕ್ಲಾಸಿನಲ್ಲಿ ಏನು ಹೇಳುತ್ತೇನೆಂದು ಹೇಳಲಿಲ್ಲ. ಗೈಡೂ ಚೀಲದಲ್ಲಿತ್ತು, ಪೆನ್ಸಿಲ್ ಗುರುತಿನ ಪುಸ್ತಕವೂ ಇತ್ತು.

ಇಷ್ಟಾದ ಮೇಲೆ ಆ ಕಟ್ಟಾದ ಫೋನು! ಯೋಚಿಸಿ ನನ್ನ ಅವಸ್ಥೆ.

ಆರು ಗಂಟೆಗೆ ಮಗನ ಸ್ಕೂಟರಿನ ಹಿಂದೆ ಕೂತು ನಾನೇ ಸ್ಟೇಷನ್ನಿಗೆ ಹೋದೆ. ರೈಲು ಬಂತು. ಇಳಿದವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ಮೆಣಸಿನಕಾಯಿ ಸುಗ್ಗಿಯಲ್ಲಿ ರೈಲು ಬ್ಯಾಡಗಿಯಲ್ಲಿ ಎರಡು ನಿಮಿಷ ನಿಂತರೂ ಸಾಕು, ಹಾವೇರಿಯವರೆಗೆ ಇಡೀ ಬೋಗಿ ಸೀನುತ್ತದೆ. ರೇಣುಕಾಳೂ ಸೀನುತ್ತಲೇ ಇಳಿದಳು. ಕಣ್ಣು ಕೆಂಪು. ಅತ್ತಳೋ, ಬ್ಯಾಡಗಿಯ ಪ್ರಭಾವವೋ?

"ಮದಲ ಹೇಳು, ನಕ್ಕರು, ಆಮ್ಯಾಲೆ?"

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಹೇಳಿದಳು.

ಎದ್ದು ನಿಂತಾಗ ಗೈಡಿನ ಒಂದು ಸಾಲೂ ನೆನಪಾಗಲಿಲ್ಲವಂತೆ. ಬಾಯಿಗೆ ಬಂದದ್ದು, "ಈ ಕಾದಂಬರಿ ಒಂದು ಬೋಗುಣಿದು ಐತ್ರಿ ಸರ್" ಎಂಬ ಮಾತು. ಹಿಂದಿನ ಬೆಂಚು ನಕ್ಕಿತು. ಅದೇ ಹುಡುಗ, "ಮತ್ತ ಖಾನಾವಳಿ!" ಎಂದ. ಇವಳು ಕೂರಲಿಲ್ಲ. "ಹೌದೋ, ಖಾನಾವಳಿ. ನಿಮ್ಮವ್ವ ಯಾರದರೆ ಡಬ್ಬಿ ಬರಿದ ಕಳಿಸ್ತಾಳೇನು, ಹೇಳು?" ಎಂದು ಕೇಳಿದಳು.

 ಅವನು ತಲೆ ಕೆರೆದುಕೊಂಡು, "ಇಲ್ಲ" ಎಂದ.

ಇವಳು ಎಂಟೂ ಬೋಗುಣಿಗಳನ್ನು ಒಂದೊಂದಾಗಿ ತೆರೆದು ತೋರಿಸಿದಳು. ವಸ್ತು ಏನು? ಆಡಬೇಕಾದ ಹೊತ್ತಿಗೆ ಆಡದ ಮಾತು. ಶೈಲಿ ಏನು? ಲೇಖಕರೂ ಅದನ್ನು ಬಾಯಿ ಬಿಟ್ಟು ಹೇಳದೆ ಬೋಗುಣಿಯಲ್ಲಿಟ್ಟು ಕಳಿಸಿದ್ದಾರೆ. ತಳದಲ್ಲಿ ಏನಿದೆ ಎಂದು ನೋಡುವವರಿಗೆ ಮಾತ್ರ ಕಾಣುತ್ತದೆ.

ಗುತ್ತಲದಿಂದ ಬರುವ ಒಬ್ಬ ಹುಡುಗಿ ಎದ್ದು, "ಖರೇ ಐತ್ರಿ ಸರ್, ನಮ್ಮವ್ವ ಇದರ ಸಲುವಾಗಿ ನಮ್ಮತ್ತಿ ಜೋಡಿ ಮೂರು ವರ್ಷ ಮಾತು ಬಿಟ್ಟಿದ್ಲು" ಎಂದಳಂತೆ. ಅಷ್ಟೇ. ಮನೆಮನೆಯ ಡಬ್ಬಿಗಳೆಲ್ಲ ಕ್ಲಾಸಿನೊಳಗೆ ಉರುಳಿ ಬಂದವು.

ಸರ್ ಕೈಯಲ್ಲಿದ್ದ ನೋಟ್ಸಿನ ಹಾಳೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಇದನ್ನು ಯಾವ ವಿಮರ್ಶೆಯಲ್ಲಿ ಓದಿದೆ?" ಎಂದರು.

"ಓದಿಲ್ರಿ ಸರ್. ನಮ್ಮಲ್ಲಿ ರೊಟ್ಟಿ ಬಡಿಯೋ ಫಕೀರವ್ವ ಹೇಳಿದ್ದು."

ಈ ಸಲ ಯಾರೂ ನಗಲಿಲ್ಲ.

ಸರ್ ಕ್ಲಾಸಿನ ಕಡೆ ತಿರುಗಿ, "ನಿಮಗೆಲ್ಲ ಇದು ಗೊತ್ತಿತ್ತೇ? ಮತ್ತೆ ಇಷ್ಟು ದಿನ ಯಾರೂ ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

ಹಿಂದಿನ ಬೆಂಚಿನ ಅದೇ ಹುಡುಗ ಹೇಳಿದ. "ನೀವು ಕೇಳಲಿಲ್ರಿ ಸರ್. ನೋಟ್ಸ್ ಬರಸಿದ್ರಿ."

ನಾನು ಬೆಂಚಿನ ಮೇಲೆಯೇ ಅವಳನ್ನು ಅಪ್ಪಿಕೊಂಡೆ. ಮಗ ಆಚೆ ತಿರುಗಿ ಸೀನಿದ. ಅವನು ಬ್ಯಾಡಗಿಗೆ ಹೋಗಿರಲಿಲ್ಲ.

"ಮತ್ತ ಡಬ್ಬಿ?" ಎಂದೆ.

"ಸಂಜಿ ಮುಂದ ಸರ್ ತಾವ ಸ್ಟೇಷನ್ನಿಗೆ ತಂದು ಕೊಟ್ರು. 'ದೀಪಾವಳಿಗೆ ಡಬ್ಬಿ ಕಳಿಸಿದ್ದೂ ನಿನ್ನ ಅಜ್ಜಿಯೇ ಅಲ್ಲವೇ?' ಅಂತ ಕೇಳಿದ್ರು. ಹೌದ್ರಿ ಅಂದೆ. ಹಣಿ ಬಡಕೊಂಡ್ರು. ಮನ್ಯಾಗ ತಗಿ ಅಂದಾರ, ನಾ ತಗದಿಲ್ಲ."

ಆವತ್ತು ಖಾನಾವಳಿಯ ಬಾಗಿಲನ್ನು ಏಳೂವರೆಗೇ ಮುಚ್ಚಿದೆವು. ನಲವತ್ತು ವರ್ಷದಲ್ಲಿ ಎಷ್ಟು ಸಲ ಹಾಗೆ ಮಾಡಿದ್ದೇವೆ, ಬೆರಳಲ್ಲೇ ಎಣಿಸಬಹುದು. ಗಿರಾಕಿಗಳು ಕೂರುವ ಬೆಂಚಿನ ಮೇಲೆ ನಾವೇ ಸಾಲಾಗಿ ಕೂತೆವು. ನಾನು, ಮಗ, ಸೊಸೆ, ರೇಣುಕಾ. ಫಕೀರವ್ವನನ್ನೂ ಶಾಂತವ್ವನನ್ನೂ ಒತ್ತಾಯದಿಂದ ಕೂರಿಸಿ, ರೊಟ್ಟಿಯನ್ನು ರೇಣುಕಾಳೇ ಬಡಿಸಿದಳು.

ನಡುವೆ ಡಬ್ಬಿ ಇಟ್ಟು ಮುಚ್ಚಳ ತೆಗೆದೆ.

ಒಳಗೆ ಒಂದು ಕಾಗದದ ಪೊಟ್ಟಣ. ಪೊಟ್ಟಣದಲ್ಲಿ ಒಂದು ಹಿಡಿ ಸಕ್ಕರೆ. ಸ್ಟಾಫ್ ರೂಮಿನ ಚಹಾದ ಸಕ್ಕರೆಯೇ ಇರಬೇಕು. ಮಗ ಆ ಕಾಗದ ಬಿಡಿಸಿದ. ಹಳದಿಯಾದ ಹಳೆಯ ಹಾಳೆ, ಸರ್ ಅವರದೇ ಕೈಬರಹ, ವರ್ಷಾನುಗಟ್ಟಲೆ ಬರೆಸುತ್ತಿದ್ದ ಅದೇ ನೋಟ್ಸು. ಮಗ ಜೋರಾಗಿ ಓದಿದ. "ಕಾದಂಬರಿಯ ದೋಷಗಳು. ಒಂದು, ವೈರಕ್ಕೆ ತಕ್ಕ ಕಾರಣವಿಲ್ಲ..."

ಫಕೀರವ್ವ ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡು, "ಸಕ್ರಿ ಛಲೋ ಐತಿ, ಹಾಳಿ ಮಾತ್ರ ಸುಳ್ಳ ಹೇಳತೈತಿ" ಎಂದಳು.

ಬಿಸಿ ರೊಟ್ಟಿಗೆ ತುಪ್ಪ ಸವರಿ, ಒಬ್ಬೊಬ್ಬರಿಗೂ ಆ ಸಕ್ಕರೆಯನ್ನೇ ಉದುರಿಸಿದೆ. ಕಾಲೇಜು ಬಿಡುವ ಮಾತನ್ನು ಯಾರೂ ತೆಗೆಯಲಿಲ್ಲ. ರೇಣುಕಾ ನಾಳೆಯ ರೈಲಿನ ಪಾಸು ಎಲ್ಲಿಟ್ಟೆ ಎಂದು ಹುಡುಕುತ್ತಿದ್ದಳು. ಇಷ್ಟು ಸವಿಯಾದ ಊಟ ನನ್ನ ಖಾನಾವಳಿಯಲ್ಲಿ ನಾನು ಉಂಡದ್ದೇ ಇಲ್ಲ.

ಆಗ ಸೊಸೆ ತುತ್ತು ಬಾಯಲ್ಲಿಟ್ಟುಕೊಂಡೇ ಮೇಲೆ ನೋಡಿ ಕೇಳಿದಳು. "ಅತ್ತಿ, ಆ ಹಲಗಿ ಮ್ಯಾಲಿನ ಡಬ್ಬಿ ನಮ್ಮದಲ್ಲ. ಯಾರದದು?"

ಆರೂ ಜನ ಅಗಿಯುವುದು ನಿಲ್ಲಿಸಿ ಕತ್ತೆತ್ತಿದೆವು. ನೀವೂ ಒಮ್ಮೆ ನಿಮ್ಮ ಅಡುಗೆಮನೆಯಲ್ಲಿ ಕತ್ತೆತ್ತಿ ನೋಡಿ, ಅಲ್ಲಿ ಯಾರ ಡಬ್ಬಿ ಕೂತಿದೆ?